ಟಿವಿಯಿಂದ ರೆಕಾರ್ಡ್ ಮಾಡಿದ ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸೋದು ಹೇಗೆ? ಅಪ್ಪನ ಬೆರಳೇ ಸರಿಯಾಗಿ ಕಾಣ್ತಿಲ್ಲ

ಕೌಲ್ ಬಜಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮಪ್ಪ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. 1996ರಲ್ಲಿ ದೂರದರ್ಶನದಲ್ಲಿ ರಂಗಗೀತೆಗಳ ಒಂದು ಕಾರ್ಯಕ್ರಮ ಬಂದಿತ್ತು. ಅದರಲ್ಲಿ ಅಪ್ಪ ಹಾರ್ಮೋನಿಯಂಗೆ ಕೂತಿದ್ದರು. ಪಕ್ಕದ ಮನೆಯವರ ವಿಸಿಆರ್ ಕೇಳಿ ತಂದು ಟಿವಿಯಿಂದ ರೆಕಾರ್ಡ್ ಮಾಡಿಕೊಂಡಿದ್ದೆವು. 42 ನಿಮಿಷ ಇದೆ. ಅಪ್ಪ ತೀರಿಕೊಂಡು 11 ವರ್ಷ ಆಯ್ತು. ಅವರು ನುಡಿಸೋದು ಕಾಣುವ ವಿಡಿಯೋ ನಮ್ಮ ಹತ್ತಿರ ಇದೊಂದೇ. ಕ್ಯಾಸೆಟ್ಟಿನ ಮೇಲೆ ಅವರದೇ ಕೈಬರಹದಲ್ಲಿ "ಅಳಿಸಬೇಡಿ" ಅಂತಿದೆ.

ಮೊದಲು ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. 200 ಎಂಬಿಯ ಫೈಲ್ ಒಂದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ಮುಖಕ್ಕೆ ಮೇಣ ಸವರಿದ ಹಾಗಿದೆ. ಆಮೇಲೆ ನಾನೇ ಒಂದು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ (ವಿಸಿಆರಿನ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ) ತರಿಸಿದೆ. ಅದರ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಏನೂ ಬದಲಾಯಿಸದೆ ರೆಕಾರ್ಡ್ ಒತ್ತಿದೆ. 640×480, ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), ಎಂಪಿ4 ಅಂತ ತೋರಿಸುತ್ತೆ.

ತೊಂದರೆ ಏನಂದ್ರೆ, ಕೈ ಸುಮ್ನೆ ಇದ್ದಾಗ ಚೆನ್ನಾಗಿದೆ. ಬೆರಳು ಓಡಲು ಶುರು ಮಾಡಿದ ಕೂಡಲೇ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತೆ, ಐದು ಬೆರಳಿನ ಜಾಗದಲ್ಲಿ ಏಳೆಂಟು ನೆರಳು. ಧ್ವನಿ ಬರ್ತಾ ಬರ್ತಾ ಹಿಂದೆ ಬಿದ್ದು ಕೊನೆಗೆ 3 ಸೆಕೆಂಡು ತಡ ಆಗಿದೆ. ಚಿತ್ರದ ಮೇಲ್ಭಾಗ ಗಾಳಿಗೆ ಬಾವುಟ ಬಾಗಿದ ಹಾಗೆ ಪಕ್ಕಕ್ಕೆ ವಾಲುತ್ತೆ. ಕ್ಯಾಸೆಟ್ ಕೆಟ್ಟಿದೆಯಾ, ನನ್ನ ಕಂಪ್ಯೂಟರ್ ಸಾಲದಾ? ಪದೇ ಪದೇ ಓಡಿಸಲು ಭಯ ಆಗ್ತಿದೆ.

ಗಂಗಾವತಿ ಎಡಿಟಿಂಗ್

ಕ್ಯಾಸೆಟ್ ಕೆಟ್ಟಿಲ್ಲ ಅನ್ನಿಸುತ್ತೆ. ಮೊದಲು ಒಂದು ಕೆಲಸ ಮಾಡಿ, ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ. ಕ್ಯಾಸೆಟ್ಟಿನ ಬೆನ್ನಿನ ಎಡ ಮೂಲೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡು ಇದೆಯಾ ನೋಡಿ. ಇದ್ದರೆ ಸ್ಕ್ರೂಡ್ರೈವರಿನಿಂದ ಮುರಿದು ಹಾಕಿ. ಅದು ಇರೋವರೆಗೂ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೆ ಮುಗೀತು. ಅಪ್ಪ ಕೈಯಲ್ಲಿ ಬರೆದದ್ದನ್ನು ವಿಸಿಆರ್ ಓದಲ್ಲ, ಆ ತುಂಡು ಇಲ್ಲದೇ ಇರೋದನ್ನು ಮಾತ್ರ ಓದುತ್ತೆ.

ಈಗ ನಿಮ್ಮ ತೊಂದರೆಗಳಿಗೆ ಬರೋಣ.

ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು. ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಇರೋದು 576ರಲ್ಲಿ. ಸೆಕೆಂಡಿಗೆ 25 ಫ್ರೇಮ್. ನಿಮ್ಮ ಸಾಫ್ಟ್‌ವೇರ್ ಅಮೆರಿಕದ ಎನ್‌ಟಿಎಸ್‌ಸಿ ಲೆಕ್ಕದಲ್ಲಿ 480 ಗೆರೆ, 30 ಫ್ರೇಮ್ ಅಂತ ಹಿಡಿದಿದೆ. ಸೆಕೆಂಡಿಗೆ 25 ಇದ್ದದ್ದನ್ನು 30 ಮಾಡಲು ಪ್ರತಿ ಸೆಕೆಂಡಿಗೂ ಐದು ಫ್ರೇಮುಗಳನ್ನು ಎರಡೆರಡು ಸಲ ಇಟ್ಟಿದೆ.

ಬಾಚಣಿಗೆ ಗೆರೆ ಯಾಕೆ ಬರುತ್ತೆ ಅನ್ನೋದು ಇನ್ನೂ ಮುಖ್ಯ. ಹಳೇ ಟಿವಿ ಒಂದು ಫ್ರೇಮನ್ನು ಒಂದೇ ಏಟಿಗೆ ತೋರಿಸುತ್ತಿರಲಿಲ್ಲ. ಮೊದಲು 1, 3, 5ನೇ ಗೆರೆಗಳು. ಅದಾದ ಮೇಲೆ 2, 4, 6ನೇ ಗೆರೆಗಳು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಇವಕ್ಕೆ ಫೀಲ್ಡ್ ಅಂತಾರೆ. ಎರಡು ಫೀಲ್ಡ್ ನಡುವೆ ಸೆಕೆಂಡಿನ 50ರಲ್ಲಿ ಒಂದು ಪಾಲು ಸಮಯ ಕಳೆದಿರುತ್ತೆ. ಅಷ್ಟರಲ್ಲಿ ನಿಮ್ಮಪ್ಪನ ಬೆರಳು ಹಾರ್ಮೋನಿಯಂನ ಮುಂದಿನ ಮನೆಗೆ ಹೋಗಿರುತ್ತೆ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಹೊಲಿದು ಒಂದೇ ಚಿತ್ರ ಅಂತ ತೋರಿಸಿದಾಗ ಬೆರಳು ಎರಡು ಕಡೆ ಕಾಣುತ್ತೆ. ಅದೇ ಬಾಚಣಿಗೆ.

ಇಷ್ಟೇ ಆಗಿದ್ದರೆ ಆಮೇಲೆ ಬಿಡಿಸಬಹುದಿತ್ತು. ಆದರೆ ನಿಮ್ಮ ಫೈಲಿನಲ್ಲಿ 576 ಗೆರೆಯನ್ನು 480ಕ್ಕೆ ಹಿಂಡಿರೋದರಿಂದ ಬೆಸ ಗೆರೆ, ಸಮ ಗೆರೆ ಕಲಸಿ ಹೋಗಿವೆ. ಸಾರಿಗೆ ಬಿದ್ದ ಉಪ್ಪು ಇದ್ದ ಹಾಗೆ, ವಾಪಸ್ ತೆಗೆಯಲು ಬರಲ್ಲ. ಆ ಫೈಲ್ ಬಿಟ್ಟುಬಿಡಿ, ಮತ್ತೆ ಹಿಡಿಯಬೇಕು.

ಧ್ವನಿ 3 ಸೆಕೆಂಡು ಹಿಂದೆ ಅಂದ್ರೆ, ಫ್ರೇಮುಗಳು ಬಿದ್ದು ಹೋಗಿವೆ. ಸೆಕೆಂಡಿಗೆ 25 ಅಂತ ಲೆಕ್ಕ ಹಾಕಿದರೆ ಸುಮಾರು 75 ಫ್ರೇಮ್. ಚಿತ್ರ ಮೊಟಕಾಯ್ತು, ಧ್ವನಿ ಅಷ್ಟೇ ಉದ್ದ ಉಳೀತು. ಹಿಡಿಯುವಾಗಲೇ ಎಂಪಿ4 ಆಗಿ ಕುಗ್ಗಿಸುವ ಕೆಲಸವನ್ನೂ ಲ್ಯಾಪ್‌ಟಾಪ್ ಮೇಲೆ ಹೇರಿದರೆ ಹೀಗಾಗುತ್ತೆ. ಒಂದೇ ಸಲಕ್ಕೆ ಎರಡು ಕೆಲಸ ಹೇಳಬೇಡಿ. ಮೊದಲು ಹಿಡಿಯಿರಿ. ಕುಗ್ಗಿಸೋದು ನಾಳೆ ಮಾಡಿದರೂ ಆಗುತ್ತೆ, ಮುಂದಿನ ವರ್ಷ ಮಾಡಿದರೂ ಆಗುತ್ತೆ. ಕ್ಯಾಸೆಟ್ ಮಾತ್ರ ಅಷ್ಟು ದಿನ ಕಾಯಲ್ಲ.

ವರ್ಚುಯಲ್‌ಡಬ್ ಅನ್ನುವ ವಿಡಿಯೋ ಹಿಡಿಯುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಪುಕ್ಕಟೆ. ಅದರಲ್ಲಿ ಹೀಗೆ ಕೊಡಿ. ಪಾಲ್-ಬಿ, 720×576, 25 ಫ್ರೇಮ್, ಬಣ್ಣ ವೈಯುವೈ2, ಕೋಡೆಕ್ (ಚಿತ್ರ ಬರೆದಿಡುವ ವಿಧಾನ) ಹಫ್‌ವೈಯುವಿ. ಧ್ವನಿ 48 ಕಿಲೋಹರ್ಟ್ಸ್, 16 ಬಿಟ್, ಕುಗ್ಗಿಸದ ಪಿಸಿಎಂ. ಧ್ವನಿಯನ್ನೂ ಅದೇ ಕಡ್ಡಿಯಿಂದ ತೆಗೆದುಕೊಳ್ಳಿ, ಲ್ಯಾಪ್‌ಟಾಪಿನ ಮೈಕ್ ತೂತಿನಿಂದ ಬೇಡ. ಎರಡು ಬೇರೆ ಬೇರೆ ಗಡಿಯಾರ ಆದರೆ ಎರಡೂ ಒಂದೇ ಹೆಜ್ಜೆ ಇಡಲ್ಲ.

ಕೌಲ್ ಬಜಾರ್, ಬಳ್ಳಾರಿ

ತುಂಡು ಮುರಿದೆ. ಕೈ ನಡುಗಿತು, ಆದ್ರೂ ಮುರಿದೆ.

ಜಾಗ ಎಷ್ಟು ಬೇಕಾಗುತ್ತೆ? ನನ್ನ ಲ್ಯಾಪ್‌ಟಾಪಿನಲ್ಲಿ 90 ಜಿಬಿ ಖಾಲಿ ಇದೆ.

ಗಂಗಾವತಿ ಎಡಿಟಿಂಗ್

ಕೈಲೆಕ್ಕ ಹಾಕಿ ನೋಡಿ. 720×576 ಅಂದ್ರೆ 4,14,720 ಚುಕ್ಕಿ. ಚುಕ್ಕಿಗೆ 2 ಬೈಟ್. ಒಂದು ಫ್ರೇಮಿಗೆ 8,29,440 ಬೈಟ್. ಸೆಕೆಂಡಿಗೆ 25 ಅಂದ್ರೆ 20.7 ಎಂಬಿ. ನಿಮ್ಮ 42 ನಿಮಿಷಕ್ಕೆ 52 ಜಿಬಿ. ಹಫ್‌ವೈಯುವಿ ಇದನ್ನು ಒಂದು ಚುಕ್ಕಿಯೂ ಕಳೆಯದೆ ಸುಮಾರು ಅರ್ಧಕ್ಕೆ ತರುತ್ತೆ. ಕಂಬಳಿ ಮಡಚಿ ಟ್ರಂಕಿಗೆ ಹಾಕಿದ ಹಾಗೆ, ಬಿಚ್ಚಿದರೆ ಅದೇ ಕಂಬಳಿ. 90 ಜಿಬಿ ಧಾರಾಳವಾಯ್ತು.

ಪೆನ್‌ಡ್ರೈವಿಗೆ ನೇರವಾಗಿ ಹಿಡಿಯಬೇಡಿ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟಲ್ಲ. ಎನ್‌ಟಿಎಫ್‌ಎಸ್ ಇರುವ ಡಿಸ್ಕಿಗೇ ಹಿಡಿಯಿರಿ.

ರಾಯಚೂರು ಕೇಬಲ್

ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಕೇಬಲ್ ಧಂದೆಯಲ್ಲಿ ಹದಿನೆಂಟು ವರ್ಷ ಇದ್ದವನು. ನಮ್ಮದೇ ಒಂದು ಲೋಕಲ್ ಚಾನೆಲ್ ಇತ್ತು, ಸಂಜೆ ಅರ್ಧ ಗಂಟೆ ಸುದ್ದಿ, ಉಳಿದ ಹೊತ್ತು ಜಾಹೀರಾತು ಮತ್ತು ಮದುವೆ ಶುಭಾಶಯ.

2003ರಲ್ಲಿ ನನ್ನ ಮೊದಲ ಟಿವಿ ಟ್ಯೂನರ್ ಕಾರ್ಡ್ ಬಂತು. ಬಿಟಿ878 ಚಿಪ್ಪಿನದು. ಪೆಂಟಿಯಂ 4 ಕಂಪ್ಯೂಟರ್, 40 ಜಿಬಿ ಡಿಸ್ಕ್. ಮೇಲಿನ ಲೆಕ್ಕ ನೋಡಿ, ಕುಗ್ಗಿಸದೆ ಹಿಡಿದರೆ ಪೂರ್ತಿ ಖಾಲಿ ಡಿಸ್ಕ್ ಕೂಡ 32 ನಿಮಿಷಕ್ಕೆ ತುಂಬಿ ಹೋಗುತ್ತಿತ್ತು. ಅದಕ್ಕೇ 384×288ರಲ್ಲಿ ಹಿಡಿಯುತ್ತಿದ್ದೆ. 288 ಅಂದ್ರೆ ಒಂದೇ ಫೀಲ್ಡ್. ಬಾಚಣಿಗೆ ಬರ್ತಿರಲಿಲ್ಲ, ನಾನು ಜಾಣ ಅಂದುಕೊಂಡಿದ್ದೆ. ಅರ್ಧ ಚಲನೆಯನ್ನೇ ಬಿಸಾಡುತ್ತಿದ್ದೇನೆ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು.

ಆಗ ಇನ್ನೊಂದು ಕಾಟ ಇತ್ತು. ವಿಂಡೋಸ್ ಒಮ್ಮೊಮ್ಮೆ ತಾನಾಗಿಯೇ ಹಾರ್ಡ್ ಡಿಸ್ಕನ್ನು ವೇಗದ ಡಿಎಂಎಯಿಂದ ನಿಧಾನದ ಪಿಐಒ ಮೋಡಿಗೆ ಇಳಿಸಿಬಿಡುತ್ತಿತ್ತು. ಡಿಸ್ಕಿಗೆ ಬರೆಯುವ ಪ್ರತಿಯೊಂದು ತುತ್ತನ್ನೂ ಪ್ರೊಸೆಸರ್ ತಾನೇ ಹೊರಬೇಕು. ಫ್ರೇಮುಗಳು ಸಾಲು ಸಾಲಾಗಿ ಬೀಳುತ್ತಿದ್ದವು. ಕಾರ್ಡ್ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದ್ದೆ.

ಆದರೆ ಹೇಳಬೇಕು ಅನ್ನಿಸಿದ್ದು ಬೇರೆ. 2009ರ ಅಕ್ಟೋಬರ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ತುಂಗಭದ್ರೆ, ಕೃಷ್ಣೆ ಎರಡೂ ಉಕ್ಕಿದ್ದವು. ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತ್ತು. ನಾನು ಮತ್ತು ನಮ್ಮ ಕ್ಯಾಮೆರಾ ಹುಡುಗ ನದಿ ದಂಡೆಯ ಹಳ್ಳಿಗಳಿಗೆ ಹೋಗಿ ಐದು ಮಿನಿಡಿವಿ ಟೇಪ್ (ಚಿಕ್ಕ ಡಿಜಿಟಲ್ ಕ್ಯಾಮೆರಾ ಕ್ಯಾಸೆಟ್) ತುಂಬಿಸಿಕೊಂಡು ಬಂದೆವು. ಸಂಜೆ ಪ್ರಸಾರ ಮಾಡಬೇಕು, ಅವಸರ. ಚಾನೆಲ್ಲಿನ ಕಂಪ್ಯೂಟರ್ ವಿಸಿಡಿ ಅಳತೆಯ ಎಂಪೆಗ್-1 ಮಾತ್ರ ಸರಾಗವಾಗಿ ಓಡಿಸುತ್ತಿತ್ತು. 352×288, ಸೆಕೆಂಡಿಗೆ 1150 ಕಿಲೋಬಿಟ್. ಕುಗ್ಗಿಸದ ಟಿವಿ ಚಿತ್ರದ 144ರಲ್ಲಿ ಒಂದು ಪಾಲು. ಅದಕ್ಕೇ ಹಾಕಿದೆವು, ಪ್ರಸಾರ ಆಯ್ತು. ಫೈಲ್ ಇದೆಯಲ್ಲ ಅಂತ ಆ ಟೇಪುಗಳ ಮೇಲೆ ಮುಂದಿನ ವಾರ ಬೇರೆ ಶೂಟಿಂಗ್ ಮಾಡಿಬಿಟ್ಟೆವು.

ಈಗ ಆ ಫೈಲ್ ತೆಗೆದು ನೋಡಿದರೆ ನೀರೇ ಇಲ್ಲ. ಬೂದು ಬಣ್ಣದ ಚೌಕಗಳು ಜಾರಾಡುತ್ತಿವೆ. ಒಂದು ಕಡೆ ತೆಪ್ಪದಲ್ಲಿ ಒಬ್ಬ ಅಜ್ಜಿ ಆಡಿನ ಮರಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ನಾನು ಕಣ್ಣಾರೆ ಕಂಡವನು. ಫೈಲಿನಲ್ಲಿ ಅಜ್ಜಿಯ ಸೀರೆಯ ಕೆಂಪು ಉಳಿದಿದೆ, ಮುಖದಲ್ಲಿ ಕಣ್ಣು ಎಲ್ಲಿ, ಬಾಯಿ ಎಲ್ಲಿ ಗೊತ್ತಾಗಲ್ಲ. ಮರಿ ಅಂತೂ ಬಿಳಿ ಚೌಕ. ಆ ಹಳ್ಳಿಯವರು ಈಗಲೂ ಸಿಕ್ಕಾಗ ಕೇಳುತ್ತಾರೆ, ನಮ್ಮ ಮನೆ ಬಿದ್ದದ್ದು ನಿನ್ನ ಹತ್ತಿರ ಇದೆಯಲ್ಲ ಅಂತ. ಏನು ಕೊಡಲಿ?

ಐದು ಟೇಪು. ಆ ಟೇಪಿನ ಡಿವಿ ಚಿತ್ರ ಗಂಟೆಗೆ 13 ಜಿಬಿ ಅಷ್ಟೇ. ಆಗ 500 ಜಿಬಿ ಡಿಸ್ಕ್ ಅಂಗಡಿಯಲ್ಲಿ ಸಿಗುತ್ತಿತ್ತು. ಕೌಲ್ ಬಜಾರ್ ಅವರೇ, ಜಾಗ ಉಳಿಸಲು ಹೋಗಬೇಡಿ. ಕೈಮುಗಿದು ಹೇಳ್ತೀನಿ.

ಸಿಂಧನೂರು ಕ್ಯಾಂಪ್

ರಾಯಚೂರು ಕೇಬಲ್ ಅವರ ಮಾತು ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ನಮ್ಮ ಕಡೆ ಭತ್ತ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಿಲ್ಲಿಗೆ ಹಾಕಿದ ಮೇಲೆ ಅಕ್ಕಿ ಉಣ್ಣಲು ಚೆನ್ನ, ಸಾಗಿಸಲು ಹಗುರ. ಆದರೆ ಅಕ್ಕಿ ಬಿತ್ತಿದರೆ ಮೊಳಕೆ ಬರಲ್ಲ. ಬಿತ್ತನೆಗೆ ನಾಲ್ಕು ಚೀಲ ಭತ್ತ ಬೇರೆಯಾಗಿ ಎತ್ತಿಡಲೇಬೇಕು. ಹಫ್‌ವೈಯುವಿ ಫೈಲ್ ಬಿತ್ತನೆ ಭತ್ತ ಅಂದುಕೊಳ್ಳಿ. ಎಂಪಿ4 ಅಕ್ಕಿ. 1996ರ ಕ್ಯಾಸೆಟ್ಟಿಗೆ ವಿಸಿಡಿ ಮಾಡಿದವರು ಆಮೇಲೆ ಡಿವಿಡಿ ಬಂದಾಗ ಪರದಾಡಿದರು. ಕುಗ್ಗಿಸುವ ಹೊಸ ಹೊಸ ವಿಧಾನ ಬರ್ತಾನೇ ಇವೆ: ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಮುಂದೆ ಇನ್ನೊಂದು ಬರುತ್ತೆ. ಪ್ರತಿ ಸಲವೂ ಬಿತ್ತನೆ ಭತ್ತದಿಂದಲೇ ಶುರು ಮಾಡಬೇಕು. ಅಕ್ಕಿಯನ್ನೇ ಮತ್ತೆ ಮಿಲ್ಲಿಗೆ ಹಾಕಿದರೆ ನುಚ್ಚಾಗುತ್ತೆ.

ಕೌಲ್ ಬಜಾರ್, ಬಳ್ಳಾರಿ

ಎರಡನೇ ಪ್ರಯತ್ನದ ವರದಿ. ವರ್ಚುಯಲ್‌ಡಬ್ ಯಾಕೋ ನನ್ನ ಕಡ್ಡಿಯನ್ನು ಗುರುತಿಸಲಿಲ್ಲ. ಅವಸರಪಟ್ಟು ಒಬಿಎಸ್ ಅನ್ನುವ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ 720×576, 25 ಅಂತ ಕೊಟ್ಟು ಹಿಡಿದೆ. 38ನೇ ನಿಮಿಷಕ್ಕೆ ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದೆ, ಅದೂ ವಿಸಿಆರೂ ಒಟ್ಟಿಗೆ ನಿಂತವು. ಕರೆಂಟ್ ಬಂದ ಮೇಲೆ ನೋಡಿದರೆ ಎಂಪಿ4 ಫೈಲ್ ತೆರೆಯುತ್ತಿಲ್ಲ. ಗಾತ್ರ ಇದೆ, ಒಳಗೆ ಏನೂ ಇಲ್ಲ ಅನ್ನುತ್ತೆ. ಟೇಪ್ ಹೊರಗೆ ಬಂತು ಸದ್ಯ, ಸುಕ್ಕಾಗಿಲ್ಲ.

ಗಂಗಾವತಿ ಎಡಿಟಿಂಗ್

ಎಂಪಿ4 ತನ್ನ ವಿಳಾಸಪಟ್ಟಿಯನ್ನು ರೆಕಾರ್ಡಿಂಗ್ ಮುಗಿಸುವಾಗ ಕೊನೆಯಲ್ಲಿ ಬರೆಯುತ್ತೆ. ಯಾವ ಫ್ರೇಮ್ ಎಲ್ಲಿದೆ ಅನ್ನೋದು ಅದರಲ್ಲೇ ಇರೋದು. ನಡುವೆ ಕರೆಂಟ್ ಹೋದರೆ ಪಟ್ಟಿಯೇ ಇಲ್ಲ. ಎಂಕೆವಿ ಅನ್ನುವ ಫೈಲ್ ಹಾಗಲ್ಲ, ಬರೆದಷ್ಟು ಬರೆದ ಹಾಗೇ ಉಳಿಯುತ್ತೆ. ಒಬಿಎಸ್‌ನಲ್ಲಿ ಹಿಡಿಯುವಾಗ ಯಾವತ್ತೂ ಎಂಕೆವಿ ಇಡಿ. ಇನ್ನೊಂದು, ಅಲ್ಲಿ ಫೀಲ್ಡುಗಳ ಬಾಚಣಿಗೆ ಬಿಡಿಸುವ ಡಿಇಂಟರ್‌ಲೇಸ್ ಆನ್ ಆಗಿದ್ದರೆ ತೆಗೆಯಿರಿ. ಕ್ಯಾನ್ವಾಸ್ ಅಳತೆ, ಔಟ್‌ಪುಟ್ ಅಳತೆ ಎರಡೂ 720×576 ಇರಬೇಕು, ಇಲ್ಲದಿದ್ದರೆ ಮತ್ತೆ ಗೆರೆ ಕಲಸುತ್ತೆ.

ಆದರೂ ವರ್ಚುಯಲ್‌ಡಬ್ಬಿಗೇ ವಾಪಸ್ ಬನ್ನಿ. ಬಿದ್ದ ಫ್ರೇಮಿನ ಸಂಖ್ಯೆಯನ್ನು ಅದು ಪಕ್ಕದಲ್ಲೇ ತೋರಿಸುತ್ತೆ, ನಂಬಬಹುದು. ಕಡ್ಡಿ ಗುರುತಿಸಲಿಲ್ಲ ಅಂದ್ರೆ ಡ್ರೈವರ್ ಬೇರೆ ಇರಬೇಕು. ಹೊರಗೆ ಒಂದೇ ಥರ ಕಾಣುವ ಕಡ್ಡಿಗಳ ಒಳಗೆ ಬೇರೆ ಬೇರೆ ಚಿಪ್ಪುಗಳಿರುತ್ತವೆ. ಬಿಚ್ಚಿ ಚಿಪ್ಪಿನ ಮೇಲಿನ ಹೆಸರು ಓದಿ, ಅದರ ಡ್ರೈವರ್ ಹುಡುಕಿ. ಯುಎಸ್‌ಬಿ ಹಬ್ ಬಳಸಬೇಡಿ, ನೇರ ಲ್ಯಾಪ್‌ಟಾಪಿಗೇ ಚುಚ್ಚಿ.

ವಿಸಿಆರಿಗೆ ಯುಪಿಎಸ್ ಕೊಡದೆ ಇನ್ನು ಮುಟ್ಟಬೇಡಿ. ಟೇಪ್ ವಿಸಿಆರ್ ಒಳಗೆ ತಿರುಗುವ ಡ್ರಮ್ಮಿಗೆ ಸುತ್ತಿಕೊಂಡಿರುವಾಗ ನಿಂತರೆ ಪ್ರತಿ ಸಲವೂ ಅದೃಷ್ಟ ಇರಲ್ಲ.

ರಾಯಚೂರು ಕೇಬಲ್

ಬಾವುಟ ಬಾಗಿದ ಹಾಗೆ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಟೇಪ್ ಎಳೆಯುವ ವೇಗ ಕೂದಲೆಳೆಯಷ್ಟು ಏರುಪೇರಾದರೂ ಗೆರೆಗಳು ಶುರುವಾಗುವ ಸಮಯ ತಪ್ಪುತ್ತೆ. ಹಳೇ ಪಿಕ್ಚರ್ ಟ್ಯೂಬ್ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಕಡ್ಡಿ ಸಹಿಸಲ್ಲ. ಸ್ಟುಡಿಯೋಗಳಲ್ಲಿ ಇದಕ್ಕೇ ಟೈಮ್ ಬೇಸ್ ಕರೆಕ್ಟರ್ ಅಂತ ಪೆಟ್ಟಿಗೆ ಇರುತ್ತಿತ್ತು, ದುಬಾರಿ. ಮನೆಯಲ್ಲಿ ಮಾಡುವ ಉಪಾಯ ಒಂದಿದೆ. ಹಳೇ ಡಿವಿಡಿ ರೆಕಾರ್ಡರ್ ಎಲ್ಲಾದರೂ ಸಿಕ್ಕರೆ ವಿಸಿಆರ್ ವೈರ್ ಅದಕ್ಕೆ ಕೊಟ್ಟು, ಅದರಿಂದ ಕಡ್ಡಿಗೆ ತನ್ನಿ. ಡಿವಿಡಿ ಹಾಕಬೇಕಿಲ್ಲ, ಸುಮ್ನೆ ಹಾದು ಹೋದರೆ ಸಾಕು. ಎಲ್ಲ ಮಾಡೆಲ್ಲೂ ಸರಿ ಮಾಡಲ್ಲ. ಪ್ಯಾನಸೋನಿಕ್ ಡಿಎಂಆರ್-ಇಎಸ್10, ಇಎಸ್15 ಈ ಕೆಲಸಕ್ಕೆ ಹೆಸರಾದವು. ಪ್ಲೇಯರ್ ಅಲ್ಲ, ರೆಕಾರ್ಡರ್. ಗೊಂದಲ ಮಾಡಿಕೊಳ್ಳಬೇಡಿ.

ಮೊದಲು ಹೆಡ್ (ಡ್ರಮ್ಮಿನಲ್ಲಿ ಟೇಪ್ ಓದುವ ಭಾಗ) ಒರೆಸಿ. ಬಳ್ಳಾರಿಯಲ್ಲಿ ಅದಿರಿನ ಕೆಂಪು ದೂಳು ಎಲ್ಲಿ ಹೋಗಲ್ಲ ಹೇಳಿ. ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಚಮೋಯಿ ಚರ್ಮ. ಕಿವಿ ಒರೆಸುವ ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿಕೊಂಡು ಹೆಡ್ ಮುರಿಯುತ್ತೆ. ಚರ್ಮವನ್ನು ಒತ್ತಿ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಬೇಡಿ. ಆಮೇಲೆ ಬೇಡದ ಒಂದು ಕ್ಯಾಸೆಟ್ ಹಾಕಿ ಓಡಿಸಿ ನೋಡಿ. ಅಪ್ಪನ ಕ್ಯಾಸೆಟ್ಟಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸ್ಟು, ವಿಸಿಆರಿಗೆ ಹಾಕಲೇಬೇಡಿ, ಬೇರೆ ದಾರಿ ಹೇಳ್ತೀನಿ. ಇಲ್ಲ ಅಂದ್ರೆ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ.

ವಿಸಿಆರ್ ಕೆಟ್ಟರೆ ಹೊಸದು ಸಿಗಲ್ಲ ಅನ್ನೋದು ನೆನಪಿರಲಿ. ಕೊನೆಯವರೆಗೂ ವಿಎಚ್ಎಸ್ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ನಿಲ್ಲಿಸಿತು.

ಕೊಪ್ಪಳ ಟೀಚರ್

ನಾನು ಕೆಳಗೆ ಕೂತು ಓದುತ್ತಿದ್ದೇನೆ, ಒಂದು ಪ್ರಶ್ನೆ ಕೇಳಬಹುದಾ? ಕುಗ್ಗಿಸೋದು ಅಂದ್ರೆ ನಿಜಕ್ಕೂ ಒಳಗೆ ಏನಾಗುತ್ತೆ? 52 ಜಿಬಿ ಇದ್ದದ್ದು 1 ಜಿಬಿ ಆಗಿಯೂ ಕಣ್ಣಿಗೆ ಅದೇ ಕಾಣೋದು ಹೇಗೆ? ಮಕ್ಕಳು ಕೇಳಿದಾಗ ಹೇಳಲು ಬರಲಿಲ್ಲ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಶಾಲೆಯಲ್ಲಿ ತೊಗಲು ಗೊಂಬೆಯಾಟದ ವಿಡಿಯೋ ತೋರಿಸುತ್ತಿದ್ದೆ. ಪರದೆ ಮೇಲೆ ಚೌಕ ಚೌಕ ಆಗ್ತಿತ್ತು, ಅದಕ್ಕೇ ಪ್ರಶ್ನೆ ಬಂತು.

ಗಂಗಾವತಿ ಎಡಿಟಿಂಗ್

ಟೀಚರ್, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ತೊಗಲು ಗೊಂಬೆಯಾಟವನ್ನೇ ತೆಗೆದುಕೊಳ್ಳಿ. ಬಿಳಿ ಪರದೆ ರಾತ್ರಿಯಿಡೀ ಹಾಗೇ ಇರುತ್ತೆ. ಹನುಮಂತ ಈ ಕಡೆಯಿಂದ ಆ ಕಡೆಗೆ ಹೋಗುತ್ತಾನೆ. ನೀವು ಇದನ್ನು ಫೋನಿನಲ್ಲಿ ಯಾರಿಗಾದರೂ ಹೇಳಬೇಕು ಅಂದ್ರೆ ಪ್ರತಿ ಸಲ "ಪರದೆ ಬಿಳಿ ಇದೆ, ಹನುಮಂತನಿಗೆ ಬಾಲ ಇದೆ" ಅಂತ ಶುರು ಮಾಡ್ತೀರಾ? ಒಂದು ಸಲ ಪೂರ್ತಿ ಹೇಳಿ, ಆಮೇಲೆ "ಹನುಮಂತ ಎಡಕ್ಕೆ ಒಂದು ಗೇಣು ಸರಿದ" ಅಂದರೆ ಸಾಕು.

ಎಚ್.264 ಮಾಡೋದು ಅದನ್ನೇ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಇಡುತ್ತೆ. ನಡುವಿನ ಚಿತ್ರಗಳನ್ನು 16×16 ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಈ ಚೌಕ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಅಂತ ಹುಡುಕಿ, ಎಷ್ಟು ಸರಿಯಿತು ಅನ್ನೋದನ್ನು ಬರೆದುಕೊಳ್ಳುತ್ತೆ. ಹೊಂದದೇ ಉಳಿದ ವ್ಯತ್ಯಾಸವನ್ನು ಮಾತ್ರ ಸೇರಿಸುತ್ತೆ. ಆ ವ್ಯತ್ಯಾಸದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮವನ್ನು ಒರಟು ಮಾಡಿಬಿಡುತ್ತೆ. ನಷ್ಟ ಆಗೋದು ಇಲ್ಲೇ.

ಈಗ ಗಾಳಿ ಬೀಸಿ ಪರದೆ ಹಿಂದಿನ ದೀಪ ತುಯ್ದಾಡಿತು ಅಂದುಕೊಳ್ಳಿ. ಗೊಂಬೆ ನಿಂತೇ ಇದೆ, ಆದರೆ ಪರದೆಯ ಮೂಲೆ ಮೂಲೆಯೂ ಬದಲಾಗ್ತಿದೆ. ಫೋನಿನಲ್ಲಿ ಹೇಳುವವರಿಗೆ ಉಸಿರು ಸಾಲಲ್ಲ. ಕ್ಯಾಸೆಟ್ಟಿನ ಮೇಲೆ ಮಿಣಮಿಣ ಅನ್ನುವ ಚುಕ್ಕಿಗಳು ಇದೇ ತೊಂದರೆ ಕೊಡುತ್ತವೆ. ರಾಯಚೂರು ಅಣ್ಣನ ಪ್ರವಾಹದ ನೀರೂ ಇದೇ. ನೀರಿನಲ್ಲಿ ಒಂದು ಚೌಕವೂ ನಿಂತ ಜಾಗದಲ್ಲಿ ನಿಲ್ಲಲ್ಲ. ಕೊಟ್ಟ 1150 ಕಿಲೋಬಿಟ್ಟನ್ನು ನೀರೇ ನುಂಗಿತು, ಅಜ್ಜಿಯ ಮುಖಕ್ಕೆ ಏನೂ ಉಳಿಯಲಿಲ್ಲ.

ಕೊಪ್ಪಳ ಟೀಚರ್

ಅರ್ಥ ಆಯ್ತು. ಮಕ್ಕಳಿಗೆ ಗೊಂಬೆ ಇಟ್ಟುಕೊಂಡೇ ಹೇಳ್ತೀನಿ.

ಹೊಸಪೇಟೆ ಸ್ಟೇಷನ್ ರೋಡ್

ಇಷ್ಟೆಲ್ಲ ಕಷ್ಟ ಯಾಕೆ? ಈಗ ಎಐ ಬಂದಿದೆ. ಸ್ಟುಡಿಯೋದವರು ಕೊಟ್ಟ 200 ಎಂಬಿ ಫೈಲನ್ನೇ ಹಾಕಿದರೆ 4ಕೆ ಮಾಡಿ ಕೊಡುತ್ತೆ ಅಲ್ವಾ?

ಕೌಲ್ ಬಜಾರ್, ಬಳ್ಳಾರಿ

ಅದನ್ನೂ ಮಾಡಿ ನೋಡಿದ್ದೆ. ಚರ್ಮ ಫಳಫಳ ಹೊಳೆಯಿತು, ಹಲ್ಲು ಬಂದವು. ಅಮ್ಮನಿಗೆ ತೋರಿಸಿದೆ. "ಯಾರಿವರು?" ಅಂದರು. ಅಳಿಸಿಬಿಟ್ಟೆ.

ಸಿಂಧನೂರು ಕ್ಯಾಂಪ್

ಇಲ್ಲದ್ದನ್ನು ಅದು ಊಹಿಸಿ ಬರೆಯುತ್ತೆ. ಗುಡ್ಡಕ್ಕೂ ಮರಕ್ಕೂ ಸರಿ. ಮನೆಯವರ ಮುಖಕ್ಕೆ ಬೇಡ.

ಕುಷ್ಟಗಿ ರೈತ

ನನ್ನದು ಹಳೇ ಕ್ಯಾಸೆಟ್ ಅಲ್ಲ. ಚಂದನದಲ್ಲಿ ಬರುವ ಕೃಷಿ ಕಾರ್ಯಕ್ರಮಗಳನ್ನು ಇಟ್ಟುಕೊಳ್ಳಬೇಕು. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಆ ಕಡ್ಡಿ ನಾನೂ ತರಿಸಲಾ?

ಗಂಗಾವತಿ ಎಡಿಟಿಂಗ್

ಬೇಡ ಅಣ್ಣ, ದುಡ್ಡು ದಂಡ. ನಿಮ್ಮ ಡಿಶ್ಶಿಗೆ ಬರೋದು ಮೊದಲೇ ಕುಗ್ಗಿಸಿ ಕಳಿಸಿದ ಡಿಜಿಟಲ್ ಚಿತ್ರ. ಬಾಕ್ಸ್ ಅದನ್ನು ಬಿಡಿಸಿ ಮೂರು ಬಣ್ಣದ ವೈರಿಗೆ ಕೊಡುತ್ತೆ, ನೀವು ಕಡ್ಡಿಯಿಂದ ಮತ್ತೆ ಹಿಡಿದು ಮತ್ತೆ ಕುಗ್ಗಿಸಿದರೆ ಎರಡು ಸಲ ನಷ್ಟ. ಬಾಕ್ಸಿನ ಮುಂದೆಯೋ ಹಿಂದೆಯೋ ಯುಎಸ್‌ಬಿ ತೂತು ಇದ್ದು, ರಿಮೋಟಿನಲ್ಲಿ ಕೆಂಪು ರೆಕಾರ್ಡ್ ಬಟನ್ ಇದ್ದರೆ ಪೆನ್‌ಡ್ರೈವ್ ಹಾಕಿ ಒತ್ತಿ. ಸಾಮಾನ್ಯವಾಗಿ ಟಿಎಸ್ ಫೈಲ್ ಆಗಿ ಉಳಿಯುತ್ತೆ. ಆಕಾಶದಿಂದ ಬಂದದ್ದು ಬಂದ ಹಾಗೇ. ಅದನ್ನು ಮತ್ತೆ ಎನ್‌ಕೋಡ್ ಮಾಡಬೇಡಿ. ಮುಂದಿನ ಹಿಂದಿನ ಜಾಹೀರಾತು ತೆಗೆಯಲು ಲಾಸ್‌ಲೆಸ್‌ಕಟ್ ಅನ್ನುವ ಸಾಫ್ಟ್‌ವೇರ್ ಸಾಕು, ಚಿತ್ರ ಮುಟ್ಟದೆ ಕತ್ತರಿಸುತ್ತೆ. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸುಗಳಲ್ಲಿ ರೆಕಾರ್ಡಿಂಗಿಗೆ ಬೀಗ ಹಾಕಿರುತ್ತಾರೆ, ಆ ಬಾಕ್ಸ್ ಬಿಟ್ಟು ಬೇರೆ ಕಡೆ ಓಡಲ್ಲ.

ಕುಷ್ಟಗಿ ರೈತ

ಕೆಂಪು ಬಟನ್ ಇದೆ. ಇಷ್ಟು ದಿನ ಅದು ಏನಕ್ಕೆ ಅಂತ ಗೊತ್ತಿರಲಿಲ್ಲ. ಧನ್ಯವಾದ. ನನ್ನ ಹತ್ತಿರವೂ ಒಂದು ಕ್ಯಾಸೆಟ್ ಇದೆ, 1999ರ ಬಳ್ಳಾರಿ ಚುನಾವಣೆಯದು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರು ಬದುರು ನಿಂತಾಗ ಅಣ್ಣ ಟಿವಿ ಸುದ್ದಿಗಳನ್ನು ದಿನಾ ಹಿಡಿದಿಟ್ಟಿದ್ದ. ವಿಸಿಆರ್ ಇಲ್ಲ. ಅದರ ವಿಚಾರ ಆಮೇಲೆ ಕೇಳ್ತೀನಿ.

ಕೌಲ್ ಬಜಾರ್, ಬಳ್ಳಾರಿ

ಸಿಕ್ಕಿತು!

ಡಿವಿಡಿ ರೆಕಾರ್ಡರ್ ನಮ್ಮ ಓಣಿಯಲ್ಲೇ ಒಬ್ಬರ ಅಟ್ಟದ ಮೇಲಿತ್ತು. ಹೆಡ್ ಒರೆಸಿದೆ. ಚರ್ಮಕ್ಕೆ ಕಂದು ಬಣ್ಣ ಹತ್ತಿತು. ಕಡ್ಡಿ ಬಿಚ್ಚಿ ಚಿಪ್ಪಿನ ಹೆಸರು ನೋಡಿ ಡ್ರೈವರ್ ಹಾಕಿದೆ, ವರ್ಚುಯಲ್‌ಡಬ್ ಗುರುತಿಸಿತು. ಮೊದಲು ಪರೀಕ್ಷೆಗೆ ಒಂದು ಮದುವೆ ಕ್ಯಾಸೆಟ್ ಹಾಕಿ ಹತ್ತು ನಿಮಿಷ ಹಿಡಿದೆ. ಹಗಲು ಸೆಕೆಗೆ ಲ್ಯಾಪ್‌ಟಾಪ್ ಕಾದು ಫ್ರೇಮ್ ಬೀಳುತ್ತಿದ್ದವು. ಅದಕ್ಕೇ ಬೆಳಗಿನ ಜಾವ 4 ಗಂಟೆಗೆ ಎದ್ದು, ವೈಫೈ ಆರಿಸಿ, ಆಂಟಿವೈರಸ್ ನಿಲ್ಲಿಸಿ, ಯುಪಿಎಸ್ ಮೇಲೆ ಅಪ್ಪನ ಕ್ಯಾಸೆಟ್ ಹಾಕಿದೆ. 42 ನಿಮಿಷಕ್ಕೆ ಬಿದ್ದ ಫ್ರೇಮ್ 2. ಫೈಲ್ 23 ಜಿಬಿ. ಬಾವುಟ ಹೋಗಿದೆ.

ಎರಡು ಪ್ರಶ್ನೆ ಇದೆ. ಹಿಂದೆ ಗುಂಯ್ ಅಂತ ಒಂದು ಸದ್ದಿದೆ, ನಾಯ್ಸ್ ರಿಡಕ್ಷನ್ ಹಾಕಲಾ? ಚಿತ್ರದ ಕೆಳಗೆ ಏಳೆಂಟು ಗೆರೆ ಹರಿದ ಹಾಗಿದೆ, ಕತ್ತರಿಸಲಾ?

ಗಂಗಾವತಿ ಎಡಿಟಿಂಗ್

ನಾಯ್ಸ್ ರಿಡಕ್ಷನ್ ಹಾಕಲೇಬೇಡಿ! ಒಂದೇ ಸಮನೆ ಬರುವ ಸದ್ದನ್ನೆಲ್ಲ ಅದು ಗದ್ದಲ ಅಂದುಕೊಳ್ಳುತ್ತೆ. ಹಾರ್ಮೋನಿಯಂನ ಶ್ರುತಿ ಒಂದೇ ಸಮನೆ ಬರೋದೇ ಅಲ್ವಾ? ಗುಂಯ್ ಜೊತೆ ನಿಮ್ಮಪ್ಪನ ಷಡ್ಜವೂ ಹೋಗುತ್ತೆ. ಕರೆಂಟಿನ ಗುಂಯ್ ಆದರೆ 50 ಹರ್ಟ್ಸ್ ಮತ್ತು 100 ಹರ್ಟ್ಸ್ ಜಾಗದಲ್ಲಿ ಮಾತ್ರ ತೆಳ್ಳಗೆ ಕತ್ತರಿಸಿ, ಕಿವಿ ಕೊಟ್ಟು ಕೇಳಿ, ಶ್ರುತಿ ತೆಳುವಾಯ್ತು ಅನ್ನಿಸಿದರೆ ಬಿಟ್ಟುಬಿಡಿ. ಇದನ್ನೂ ನೋಡಲು ಕುಗ್ಗಿಸಿಕೊಳ್ಳುವ ಪ್ರತಿಯಲ್ಲಿ ಮಾತ್ರ.

ಕೆಳಗಿನ ಗೆರೆ ವಿಸಿಆರ್ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗ. ಟಿವಿಯಲ್ಲಿ ಅಂಚಿನ ಹಿಂದೆ ಮರೆಯಾಗಿರುತ್ತಿತ್ತು. ಮೂಲ ಫೈಲಿನಲ್ಲಿ ಬಿಡಿ, ನೋಡುವ ಪ್ರತಿಯಲ್ಲಿ ಕಪ್ಪು ಪಟ್ಟಿ ಮುಚ್ಚಿ.

ಈಗ ಕುಗ್ಗಿಸೋಣ. ಮೊದಲು ಡಿಇಂಟರ್‌ಲೇಸ್. ವಿಡಿಯೋ ಬದಲಾಯಿಸುವ ಸಾಫ್ಟ್‌ವೇರುಗಳಾದ ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಅನ್ನುವ ಫಿಲ್ಟರ್ ಇದೆ. ತಾಳ್ಮೆ ಇದ್ದರೆ ಎವಿಸಿಂತ್‌ನ ಕ್ಯೂಟಿಜಿಎಂಸಿ ಇನ್ನೂ ಚೆಂದ, ರಾತ್ರಿಯಿಡೀ ಓಡಲಿ. ಹ್ಯಾಂಡ್‌ಬ್ರೇಕಿನಲ್ಲಾದರೆ ಬಾಬ್ ಅನ್ನುವ ಆಯ್ಕೆ ತೆಗೆದುಕೊಳ್ಳಿ. ಯಾವುದೇ ಆದರೂ ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಬರಬೇಕು, ಅಂದ್ರೆ ಸೆಕೆಂಡಿಗೆ 50. ಸುಮಾರು ಜನ 25ಕ್ಕೆ ಇಳಿಸಿಬಿಡುತ್ತಾರೆ, ಅಲ್ಲಿಗೆ ಬೆರಳಿನ ಅರ್ಧ ಓಟ ಹೋಯ್ತು. ಫೀಲ್ಡ್ ಸರದಿ ಮೇಲಿನದು ಮೊದಲು ಅಂತ ಕೊಡಿ. ತಪ್ಪಾಗಿದ್ದರೆ ಕೈ ಹಿಂದೆ ಮುಂದೆ ನಡುಗುತ್ತೆ, ಆಗ ಬದಲಾಯಿಸಿ. ಮಿನಿಡಿವಿ ಆಗಿದ್ದರೆ ಕೆಳಗಿನದು ಮೊದಲು.

ಕೋಡೆಕ್ ಎಕ್ಸ್264, ಗುಣಮಟ್ಟದ ಅಂಕಿ ಸಿಆರ್‌ಎಫ್ 18, ಪ್ರೀಸೆಟ್ ಸ್ಲೋ. ಆಕಾರ 4:3 ಅಂತ ಗುರುತು ಹಾಕಿ, ಇಲ್ಲದಿದ್ದರೆ ಅಪ್ಪ ಸ್ವಲ್ಪ ತೆಳ್ಳಗೆ ಕಾಣ್ತಾರೆ. ಮಿಣಮಿಣ ಚುಕ್ಕಿ ಕಮ್ಮಿ ಮಾಡುವ ಫಿಲ್ಟರ್ ಹಾಕೋದಾದರೆ ತೀರಾ ಹಗುರ. ಧ್ವನಿ ಎಎಸಿ, ಸೆಕೆಂಡಿಗೆ 192 ಕಿಲೋಬಿಟ್.

23 ಜಿಬಿಯನ್ನು ಎಫ್‌ಎಫ್‌ವಿ1 ಅನ್ನುವ ಕೋಡೆಕ್ಕಿಗೆ ಬದಲಾಯಿಸಿ ಎಂಕೆವಿಯಲ್ಲಿ ಇಡಿ. ಅದೂ ಒಂದು ಚುಕ್ಕಿ ಕಳೆಯಲ್ಲ, ಇನ್ನೂ ಸ್ವಲ್ಪ ಚಿಕ್ಕದಾಗುತ್ತೆ. ಫೈಲ್ ಎಲ್ಲಾದರೂ ಕೆಟ್ಟರೆ ಗೊತ್ತಾಗುವ ಹಾಗೆ ಒಳಗೇ ಲೆಕ್ಕ ಬರೆದಿಟ್ಟುಕೊಳ್ಳುತ್ತೆ. ಎರಡು ಡಿಸ್ಕಿನಲ್ಲಿ ಇಡಿ, ಒಂದು ನಿಮ್ಮ ಮನೆ, ಒಂದು ಅಕ್ಕನ ಮನೆಯೋ ತಮ್ಮನ ಮನೆಯೋ.

ರಾಯಚೂರು ಕೇಬಲ್

ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಬೇಡಿ, ಅದು ತಾನೇ ಮತ್ತೆ ಕುಗ್ಗಿಸುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೂ ಹಾಗೇ ಹೋಗುತ್ತೆ. ಯೂಟ್ಯೂಬಿಗೆ ಹಾಕುವ ಮೊದಲು ಯೋಚಿಸಿ. ಕಾಪಿರೈಟ್ ಕಾಯ್ದೆಯಲ್ಲಿ ಪ್ರಸಾರದವರ ಹಕ್ಕು 25 ವರ್ಷ. ಒಳಗಿನ ಹಾಡು, ನಾಟಕದ ಹಕ್ಕು ಬೇರೆ, ಅದು ಇನ್ನೂ ಜಾಸ್ತಿ ವರ್ಷ ಇರುತ್ತೆ.

ಕೌಲ್ ಬಜಾರ್, ಬಳ್ಳಾರಿ

ಕ್ಯೂಟಿಜಿಎಂಸಿ ಮಾಡಿದೆ. ರಾತ್ರಿ 10ಕ್ಕೆ ಹಚ್ಚಿದ್ದು ಬೆಳಿಗ್ಗೆ ಮುಗಿದಿತ್ತು. ನೋಡುವ ಪ್ರತಿ 1.3 ಜಿಬಿ.

ಅಮ್ಮನನ್ನು ಕೂರಿಸಿ ಟಿವಿಗೆ ಹಾಕಿದೆ. ಎಡಗೈ ತಿದಿ ಒತ್ತುತ್ತಿದೆ, ಬಲಗೈ ಓಡುತ್ತಿದೆ. ಒಂದು ತಾನ್ ಮುಗಿಯುವಾಗ ಕಿರುಬೆರಳು ಮೇಲೆತ್ತಿ ಗಾಳಿಯಲ್ಲೇ ಒಂದು ಕ್ಷಣ ನಿಲ್ಲಿಸುತ್ತಾರೆ. ಸ್ಟುಡಿಯೋದವರ ಫೈಲಿನಲ್ಲಿ ಅದು ಇರಲೇ ಇಲ್ಲ. ನಾನೂ ಮರೆತೇ ಬಿಟ್ಟಿದ್ದೆ. ಅಮ್ಮ ತಮ್ಮ ಕಿರುಬೆರಳನ್ನು ಹಾಗೇ ಎತ್ತಿ ತೋರಿಸಿದರು, ಮಾತಾಡಲಿಲ್ಲ. ಮೂರು ಸಲ ಹಾಕಿಸಿಕೊಂಡರು.

ಗಂಗಾವತಿ ಅವರೇ, ರಾಯಚೂರು ಅಣ್ಣ, ಸಿಂಧನೂರಿನವರೇ, ನಿಮ್ಮ ಋಣ ದೊಡ್ಡದು.

ಕುಷ್ಟಗಿ ಅಣ್ಣ, ವಿಸಿಆರ್, ರೆಕಾರ್ಡರ್, ಕಡ್ಡಿ ಎಲ್ಲ ಜೋಡಿಸಿದ್ದು ಇನ್ನೂ ಬಿಚ್ಚಿಲ್ಲ. 1999ರ ಕ್ಯಾಸೆಟ್ ತಗೊಂಡು ಬನ್ನಿ.

ಕುಷ್ಟಗಿ ರೈತ

ಭಾನುವಾರ ಬರ್ತೀನಿ. ಒಂದಲ್ಲ, ಹುಡುಕಿದರೆ ಮೂರು ಸಿಕ್ಕವು.

ರಾಯಚೂರು ಕೇಬಲ್

ಬಸ್ಸಿನಲ್ಲಿ ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ. ಹೊರಡುವ ಮೊದಲು ಮೂರರದ್ದೂ ತುಂಡು ಮುರಿಯಿರಿ.